ತಗಡಿನ ಮೇಲಿನ ಸರ್ಕಸ್

ಸರ್ಕಸ್ ಕಲಾವಿದರನ್ನು ಕುರಿತ ಅಭಿವ್ಯಕ್ತಿವಾದಿ ಮುದ್ರಣಚಿತ್ರಗಳಲ್ಲಿ ಸಂಗ್ರಾಹಕರು ಹೆಚ್ಚು ಹುಡುಕುವುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಜರ್ಮನ್ ಚಿತ್ರಗಳನ್ನು. 1905ರಲ್ಲಿ ಡ್ರೆಸ್ಡೆನ್ ನಗರದಲ್ಲಿ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ಕಟ್ಟಿದ 'ಬ್ರೂಕೆ' ಬಳಗದ ಕಿರ್ಶ್‌ನರ್, ಹೆಕೆಲ್ ಮುಂತಾದವರಿಗೆ ಸರ್ಕಸ್ ಡೇರೆ ಮೆಚ್ಚಿನ ತಾಣವಾಗಿತ್ತು. ಓಡುವ ಕುದುರೆ, ಬಾಗುವ ಮೈ, ದೀಪದ ಬೆಳಕು ಎಲ್ಲವನ್ನೂ ಅವರು ಮರಗೆತ್ತನೆಯಲ್ಲೂ ಕಲ್ಲಚ್ಚಿನಲ್ಲೂ ಒರಟು ಗೆರೆಗಳಿಂದ ಹಿಡಿದರು.

ಮೊದಲ ಮಹಾಯುದ್ಧ ಈ ಉಲ್ಲಾಸವನ್ನು ಉಳಿಸಲಿಲ್ಲ. ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ ಮನಸ್ಸು ಕುಸಿದು ಹಿಂತಿರುಗಿದ ಮ್ಯಾಕ್ಸ್ ಬೆಕ್‌ಮನ್, 1921ರಲ್ಲಿ 'ಜಾತ್ರೆ' ಎಂಬ ಹತ್ತು ಚಿತ್ರಗಳ ಸಂಪುಟ ಮಾಡಿದ. ಮ್ಯೂನಿಕ್‌ನ ಪೀಪರ್ ಪ್ರಕಾಶನ ಅದನ್ನು 1922ರಲ್ಲಿ ಹೊರತಂದಿತು. ಮೊದಲ ಚಿತ್ರದಲ್ಲಿ ಜನರನ್ನು ಕೂಗಿ ಕರೆಯುವವನು ನಿಂತಿದ್ದಾನೆ. ಕೈಯಲ್ಲಿ ಗಂಟೆ, ಹಿಂದೆ 'ಸರ್ಕಸ್ ಬೆಕ್‌ಮನ್' ಎಂಬ ಫಲಕ. ಅವನ ಮುಖ ಸ್ವತಃ ಬೆಕ್‌ಮನ್‌ನದು. ಹಗ್ಗದ ಮೇಲೆ ನಡೆಯುವವರು, ಹಾವಾಡಿಸುವ ಹೆಂಗಸು, ಮೆರಿ-ಗೋ-ರೌಂಡ್ ಇವೆಲ್ಲ ಆಮೇಲಿನ ಪುಟಗಳಲ್ಲಿ ಬರುತ್ತವೆ. ನೋಡುಗನಿಗೆ ಮನರಂಜನೆಗಿಂತ ಹೆಚ್ಚಾಗಿ ಇಕ್ಕಟ್ಟಿನ ಅನುಭವವಾಗುತ್ತದೆ.

ಯುದ್ಧದಲ್ಲಿ ಮೆಷಿನ್‌ಗನ್ ಹಿಡಿದಿದ್ದ ಒಟ್ಟೊ ಡಿಕ್ಸ್ 1922ರಲ್ಲಿ ತನ್ನ 'ಸರ್ಕಸ್' ಸಂಪುಟವನ್ನು ಕೇವಲ 50 ಪ್ರತಿಗಳಲ್ಲಿ ಅಚ್ಚು ಹಾಕಿಸಿದ. ಅದರಲ್ಲೂ ಹತ್ತು ಚಿತ್ರಗಳಿವೆ. 'ಮಾಡ್ ಅರಿಜೋನ' ಎಂಬ ಚಿತ್ರದ ಹೆಂಗಸಿನ ಮೈತುಂಬ ಹಚ್ಚೆ. ಹಚ್ಚೆಯ ಸೂಜಿ ಚರ್ಮಕ್ಕೆ ಮಾಡಿದ್ದನ್ನೇ ಡಿಕ್ಸ್‌ನ ಸೂಜಿ ತಗಡಿಗೆ ಮಾಡಿದೆ. ಈ ಸಾಲಿನ ಅತ್ಯುತ್ತಮ ಚಿತ್ರವೆಂದು ಇದನ್ನೇ ಎಣಿಸಬೇಕು.

ಇಂಥ ಸಂಪುಟಗಳಿಗೆ ಆಗ ಗಿರಾಕಿಗಳಿದ್ದುದಕ್ಕೆ ಹಣದುಬ್ಬರವೂ ಕಾರಣ. ಜರ್ಮನ್ ಹಣ ಮಾರ್ಕ್ ದಿನೇದಿನೇ ಬೆಲೆ ಕಳೆದುಕೊಳ್ಳುತ್ತಿದ್ದಾಗ, ನೋಟು ಇಟ್ಟುಕೊಳ್ಳುವುದಕ್ಕಿಂತ ಸಹಿಯಿರುವ ಚಿತ್ರ ಕೊಳ್ಳುವುದೇ ಮೇಲು ಎಂದು ಹಲವರಿಗೆ ತೋರಿತು.

ಬೆಕ್‌ಮನ್ ಬಳಸಿದ ಡ್ರೈಪಾಯಿಂಟ್ ವಿಧಾನವನ್ನು ಅರಿಯದೆ ಸಂಗ್ರಹಕ್ಕೆ ಇಳಿಯುವಂತಿಲ್ಲ. ಚೂಪಾದ ಸೂಜಿಯಿಂದ ತಾಮ್ರದ ತಗಡನ್ನು ನೇರವಾಗಿ ಗೀರಿದಾಗ ಗೀರಿನ ಅಂಚಿನಲ್ಲಿ ಲೋಹ ತರಿಯಾಗಿ ಏಳುತ್ತದೆ. ಮಸಿ ಆ ತರಿಗೂ ಹಿಡಿದುಕೊಳ್ಳುವುದರಿಂದ ಕಾಗದದ ಮೇಲೆ ಗೆರೆ ಮಖಮಲ್ಲಿನಂತೆ ಮೃದುವಾಗಿ, ಗಾಢವಾಗಿ ಮೂಡುತ್ತದೆ. ಅಚ್ಚುಯಂತ್ರದ ಒತ್ತಡಕ್ಕೆ ತರಿ ಬೇಗ ಸವೆಯುತ್ತದೆ. ತಗಡಿಗೆ ಉಕ್ಕಿನ ಲೇಪ ಕೊಡದಿದ್ದರೆ ಕೆಲವೇ ಡಜನ್ ಪ್ರತಿಗಳಾಗುವಷ್ಟರಲ್ಲಿ ಗೆರೆ ಬಡಕಲಾಗುತ್ತದೆ. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳ ಬೆಲೆಯಲ್ಲಿ ಭಾರಿ ಅಂತರವಿರಬಹುದು. ಪ್ರತಿಯ ಮೇಲೆ ಪೆನ್ಸಿಲಿನಿಂದ ಬರೆದ ಸಂಖ್ಯೆಯನ್ನು ನಂಬಿ ಗೆರೆಯ ಸವೆತವನ್ನು ಅಳೆಯಬಾರದು, ಏಕೆಂದರೆ ಅಚ್ಚಾದ ಕ್ರಮದಲ್ಲೇ ಸಂಖ್ಯೆ ಹಾಕಿರುತ್ತಾರೆಂಬ ಖಾತರಿಯಿಲ್ಲ. ಸಹಿಗಿಂತ ಮೊದಲು ಗೆರೆಯನ್ನು ನೋಡಲು ಕಲಿತವನೇ ಒಳ್ಳೆಯ ಸಂಗ್ರಾಹಕ.

ಪ್ರತಿ ಅಸಲೇ ಎಂದೂ ನೋಡಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳ ಸಾಲು ಕಂಡರೆ ಅದು ಆಫ್‌ಸೆಟ್ ನಕಲು. ಡ್ರೈಪಾಯಿಂಟ್‌ನ ಮೂಲ ಪ್ರತಿಯಲ್ಲಿ ತಗಡಿನ ಅಂಚು ಕಾಗದದೊಳಗೆ ಇಳಿದ ಗುರುತು ಬೆರಳಿಗೇ ಸಿಗುತ್ತದೆ. ಅಳತೆ, ಕಾಗದ, ಪ್ರತಿಗಳ ಸಂಖ್ಯೆಯನ್ನು ಅಧಿಕೃತ ಸೂಚಿಗಳೊಡನೆ ಹೋಲಿಸಬೇಕು. ಬೆಕ್‌ಮನ್‌ಗೆ ಹೋಫ್‌ಮೈಯರ್, ಡಿಕ್ಸ್‌ಗೆ ಕಾರ್ಶ್ ತಯಾರಿಸಿದ ಸೂಚಿಗಳು ಪ್ರಮಾಣ. ಕತ್ತರಿಸಿದ ಅಂಚು, ಕಂದು ಮಚ್ಚೆ, ಆಮ್ಲವಿರುವ ರಟ್ಟಿನಿಂದ ಬಂದ ಕಲೆ, ಬಿಸಿಲಿಗೆ ಹಳದಿಗಟ್ಟಿದ ಕಾಗದ ಇವೆಲ್ಲ ಬೆಲೆ ಇಳಿಸುತ್ತವೆ. ಕೊಂಡ ಮೇಲೆ ಆಮ್ಲರಹಿತ ರಟ್ಟಿನ ನಡುವೆ, ಮಂದ ಬೆಳಕಿನಲ್ಲಿ ಇಡುವುದು ಕ್ಷೇಮ.

ಕೊನೆಗೆ, ಪ್ರತಿ ಯಾರಿಂದ ಯಾರ ಕೈಗೆ ಬಂತು ಎಂಬ ಚರಿತ್ರೆ. ನಾಜಿ ಸರ್ಕಾರ ಈ ಕಲೆಯನ್ನು 'ಅವನತಿಯ ಕಲೆ' ಎಂದು ಜರೆದು ಜರ್ಮನ್ ಸಂಗ್ರಹಾಲಯಗಳಿಂದ ಸುಮಾರು 20,000 ಕೃತಿಗಳನ್ನು ಕಿತ್ತುಕೊಂಡಿತು. ಅವುಗಳಲ್ಲಿ ಮುದ್ರಣಚಿತ್ರಗಳು ಬಹಳ. 1937ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ಇವನ್ನು ಅವಮಾನಿಸುವ ಪ್ರದರ್ಶನ ಆರಂಭವಾದಾಗಲೇ ಬೆಕ್‌ಮನ್ ಆಮ್‌ಸ್ಟರ್‌ಡಾಮ್‌ಗೆ ಹೊರಟುಹೋದ. ಯಹೂದಿ ಸಂಗ್ರಾಹಕರು ಒತ್ತಾಯಕ್ಕೆ ಮಣಿದು ಮಾರಿದ ಚಿತ್ರಗಳೂ ಮಾರುಕಟ್ಟೆಗೆ ಬಂದವು. ಅಂಥ ಕೃತಿಗಳ ಒಡೆಯರಿಗೆ ನ್ಯಾಯ ದೊರಕಿಸಲು 1998ರಲ್ಲಿ 44 ದೇಶಗಳು ವಾಷಿಂಗ್ಟನ್‌ನಲ್ಲಿ ಸೂತ್ರಗಳನ್ನು ಒಪ್ಪಿದವು. ಹಲವು ಪ್ರತಿಗಳಿರುವ ಚಿತ್ರದಲ್ಲಿ ಕಳೆದುಹೋದ ಪ್ರತಿ ಇದೇ ಎಂದು ಗುರುತಿಸುವುದು ಕಷ್ಟ. ಅದಕ್ಕೇ ಹಾಳೆಯ ಹಿಂಬದಿಯಲ್ಲಿ ಹಿಂದಿನ ಒಡೆಯರು ಒತ್ತಿದ ಮುದ್ರೆಗಳನ್ನು ನೋಡಬೇಕು. ಇಂಥ ಮುದ್ರೆಗಳ ಕೋಶವನ್ನು ಫ್ರಿಟ್ಸ್ ಲುಗ್ಟ್ 1921ರಲ್ಲೇ ಪ್ರಕಟಿಸಿದ. ಅದು ಇಂದಿಗೂ ಬಳಕೆಯಲ್ಲಿದೆ.