ಕಿವಿನೋವು: ಎಣ್ಣೆ ಬಿಡುವ ಮುನ್ನ

ಕಿವಿ ನೋಯತೊಡಗಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಒಲೆಗೇರುವುದು ಎಣ್ಣೆಯ ಸೌಟು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿಯನ್ನು ತಾಯ್ನಾಡಿನಿಂದ ಪೆರಂಬೂರಿಗೂ ತಂದುಕೊಂಡಿದ್ದೇವೆ. ಹಿರಿಯರಲ್ಲಿ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಈ ಒಂದು ಉಪಚಾರವನ್ನು ಕೈಬಿಡುವುದು ಲೇಸು. ಕರ್ಣಪಟಲದಲ್ಲಿ ತೂತಿದೆಯೇ ಎಂಬುದು ಬರಿಗಣ್ಣಿಗೆ ತಿಳಿಯದು. ತೂತಿದ್ದರೆ ಎಣ್ಣೆ ನೇರವಾಗಿ ಮಧ್ಯಕರ್ಣಕ್ಕಿಳಿಯುತ್ತದೆ. ಬಿಸಿ ಹೆಚ್ಚಾಗಿ ಒಳಗೆ ಸುಡುವುದೂ ಉಂಟು.

ಚೆನ್ನೈಯ ಹವೆಯೂ ಇದಕ್ಕೆ ಅನುಕೂಲವಾಗಿಲ್ಲ. ಕಡಲತೀರದ ಸೆಕೆ, ಬೆವರು, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮಳೆ, ಇವುಗಳಿಂದ ಕಿವಿಯ ನಾಳದಲ್ಲಿ ಪಸೆ ನಿಲ್ಲುತ್ತದೆ. ನಾಳವಿರುವುದು ಕೇವಲ ಎರಡೂವರೆ ಸೆಂಟಿಮೀಟರಿನಷ್ಟು. ಬೆಂಕಿಕಡ್ಡಿಯಿಂದಲೋ ಹೇರ್‌ಪಿನ್ನಿನಿಂದಲೋ ಕೆರೆದು ಗಾಯವಾದ ಚರ್ಮದಲ್ಲಿ ಬ್ಯಾಕ್ಟೀರಿಯಾಗಳೂ ಬೂಷ್ಟೂ ಸುಲಭವಾಗಿ ಬೇರೂರುತ್ತವೆ. ಕಿವಿಯನ್ನು ಹಿಡಿದೆಳೆದಾಗ ನೋವು ಹೆಚ್ಚಾದರೆ ತೊಂದರೆ ಈ ಹೊರನಾಳದಲ್ಲಿಯೇ ಇರುವ ಸಂಭವ ಹೆಚ್ಚು. ಗುಗ್ಗೆ ಕೊಳೆಯಲ್ಲ, ನಾಳದ ಕಾವಲುಗಾರ. ಅದನ್ನು ಕಡ್ಡಿಯಿಂದ ತೆಗೆಯಹೋದರೆ ಇನ್ನಷ್ಟು ಒಳಕ್ಕೆ ದೂಡಿದಂತಾಗುತ್ತದೆ. ಇನ್ನು ನೆಗಡಿಯ ಬೆನ್ನಿಗೆ ಬರುವ ನೋವು ಬಹುಮಟ್ಟಿಗೆ ಮಧ್ಯಕರ್ಣದ್ದು.

ಆದರೆ ದೊಡ್ಡವರಲ್ಲಿ ಕಿವಿನೋವಿನ ಮೂಲ ಎಷ್ಟೋ ವೇಳೆ ಕಿವಿಯಲ್ಲಿ ಇರುವುದೇ ಇಲ್ಲ. ಹಲ್ಲು, ದವಡೆಯ ಕೀಲು, ನಾಲಗೆಯ ಬುಡ, ಗಂಟಲು, ಕುತ್ತಿಗೆ, ಇವುಗಳಿಗೆ ಹೋಗುವ ನರಗಳ ಕವಲುಗಳೇ ಕಿವಿಗೂ ಬರುತ್ತವೆ. ಆದ್ದರಿಂದ ಹುಳುಕುಹಲ್ಲಿನ ನೋವನ್ನು ಮಿದುಳು ಕಿವಿಯದೆಂದು ಭ್ರಮಿಸಬಹುದು. ಅಗಿಯುವಾಗ ನೋವು ಹೆಚ್ಚಾದರೆ ದವಡೆಯನ್ನೋ ಹಲ್ಲನ್ನೋ ಶಂಕಿಸಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಅಭ್ಯಾಸವುಳ್ಳವರಿಗೆ ಒಂದೇ ಕಡೆಯ ಕಿವಿ ವಾರಗಟ್ಟಲೆ ನೋಯುತ್ತಿದ್ದು, ಕಿವಿ ಮಾತ್ರ ಚೆನ್ನಾಗಿಯೇ ಕಂಡರೆ, ಗಂಟಲಿನ ಪರೀಕ್ಷೆ ಆಗಲೇಬೇಕು. ಗಂಟಲಿನ ಕ್ಯಾನ್ಸರ್ ಕೆಲವೊಮ್ಮೆ ಹೀಗೆಯೇ ಸುಳಿವು ಕೊಡುತ್ತದೆ. ಬೇಗನೆ ಪತ್ತೆಯಾದರೆ ಗುಣವಾಗುವ ಅವಕಾಶವೂ ಹೆಚ್ಚು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಆರಂಭವಾದ ಅಡಯಾರಿನ ಕ್ಯಾನ್ಸರ್ ಸಂಸ್ಥೆ ನಮ್ಮ ಈ ನಗರದಲ್ಲಿಯೇ ಇದೆ.

(ರೈಲು ಡಬ್ಬಿಯ ಕಾರ್ಖಾನೆಯಂಥ ಕಡೆ ದುಡಿಯುವವರಿಗೆ ಒಂದು ಮಾತು: ಯಂತ್ರದ ಸದ್ದು ಸಾಮಾನ್ಯವಾಗಿ ನೋವು ತರುವುದಿಲ್ಲ, ಸದ್ದಿಲ್ಲದೆ ಕೇಳ್ಮೆಯನ್ನು ಕದಿಯುತ್ತದೆ. ಹತ್ತಿಯುಂಡೆ ಅದಕ್ಕೆ ತಡೆಯಾಗದು.)

ಮನೆಯಲ್ಲಿ ಮಾಡಬಹುದಾದುದು ಸ್ವಲ್ಪವೇ. ಬೆಚ್ಚಗಿನ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಹೊರಗಿನಿಂದ ಶಾಖ ಕೊಡಬಹುದು. ಪ್ಯಾರಾಸಿಟಮಾಲ್ ಮಾತ್ರೆಯನ್ನು ಚೀಟಿಯಲ್ಲಿ ಹೇಳಿದ ಪ್ರಮಾಣ ಮೀರದಂತೆ ತೆಗೆದುಕೊಳ್ಳಬಹುದು. ಯಕೃತ್ತಿನ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ಸ್ನಾನದಲ್ಲಿ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಬಳಿಕ ತೆಗೆದುಬಿಡಬೇಕು. ಅಭ್ಯಂಜನವನ್ನು ನೋವು ಹೋಗುವವರೆಗೆ ಮುಂದೂಡಿದರೆ ಹಬ್ಬವೇನೂ ಮುನಿಯದು.

ಎರಡು ಮೂರು ದಿನಗಳಲ್ಲಿ ನೋವು ತಗ್ಗದಿದ್ದರೆ, ಕಿವಿ ಸೋರಿದರೆ, ಕೇಳ್ಮೆ ಕುಂದಿದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಬೇಕು. ತಲೆಸುತ್ತು, ಕಿವಿಯ ಹಿಂದೆ ಊತ, ಸುತ್ತಲೂ ನೀರುಗುಳ್ಳೆ, ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಇವು ಕಂಡರೆ ಅದೇ ದಿನ ಹೋಗಬೇಕು. ಸಕ್ಕರೆ ಕಾಯಿಲೆಯವರು ಕಾಯುವಂತೆಯೇ ಇಲ್ಲ; ವಯಸ್ಸಾದವರಲ್ಲಿ ಹೊರನಾಳದ ಸೋಂಕು ತಲೆಬುರುಡೆಯ ಮೂಳೆಗೂ ಹಬ್ಬಬಲ್ಲದು. ರೈಲ್ವೆ ನೌಕರರಿಗೆ ಪೆರಂಬೂರಿನ ರೈಲ್ವೆ ಆಸ್ಪತ್ರೆಯುಂಟು, ಉಳಿದವರಿಗೆ ಸರಕಾರಿ ಸ್ಟಾನ್ಲಿ ಆಸ್ಪತ್ರೆ ದೂರವೇನಲ್ಲ. ಚೀಟಿ ಬರೆಸುವಲ್ಲಿ ‘ಕಾದು, ಮೂಕ್ಕು, ತೊಂಡೈ’ ವಿಭಾಗವೆಂದು ಕೇಳಿದರೆ ದಾರಿ ತೋರಿಸುತ್ತಾರೆ.