ಸೀಟು ಸಿಕ್ಕಿದ ಮೇಲೆ: ಎಂಜಿನಿಯರಿಂಗ್ ವಿದ್ಯಾರ್ಥಿಯ ನಾಲ್ಕು ವರ್ಷ

ತುಮಕೂರು: ಸಿಇಟಿ ಫಲಿತಾಂಶ ಹೊರಬಿದ್ದೊಡನೆ ಪಾಲಕರ ಗಮನವೆಲ್ಲ ಸೀಟಿನತ್ತ ಹರಿಯುತ್ತದೆ. ಯಾವ ಕಾಲೇಜು, ಯಾವ ವಿಭಾಗ, ಶುಲ್ಕವೆಷ್ಟು ಎಂಬ ವಿಚಾರಣೆ ಮುಗಿದ ನಂತರ, ಅಲ್ಲಿ ನಾಲ್ಕು ವರ್ಷ ನಡೆಯುವುದೇನು ಎಂದು ಕೇಳುವವರು ವಿರಳ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಮನೆತನದಲ್ಲೇ ಮೊದಲಿಗರಾಗಿ ಎಂಜಿನಿಯರಿಂಗ್ ಸೇರುವವರಿಗೆ ಇದನ್ನು ಮನೆಯಲ್ಲಿ ತಿಳಿಹೇಳುವವರೂ ಇರುವುದಿಲ್ಲ.

ಈ ಭಾಗದಲ್ಲಿ ಆಯ್ಕೆಗಳಿಗೆ ಕೊರತೆಯಿಲ್ಲ. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ 1963ರಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸ್ಥಾಪನೆಯಾಯಿತು. ಮರಳೂರಿನ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯ 1979ರದು. ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯ 2001ರಲ್ಲಿ ಆರಂಭವಾಯಿತು. ಸಿದ್ಧಗಂಗಾ ವಿಟಿಯು ಅಡಿಯ ಸ್ವಾಯತ್ತ ಸಂಸ್ಥೆ. ಪಠ್ಯವನ್ನು ತಾನೇ ರೂಪಿಸಿಕೊಳ್ಳುತ್ತದೆ, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಸಿದ್ಧಾರ್ಥ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸೀಟು ಆರಿಸುವ ಮುನ್ನ ಈ ವ್ಯತ್ಯಾಸ ಅರಿತಿರುವುದು ಒಳಿತು.

ಮೊದಲ ವರ್ಷವೇ ಅತಿ ಕಠಿಣ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಗಣಿತಕ್ಕಿಂತ ಅದನ್ನು ಬೋಧಿಸುವ ಇಂಗ್ಲಿಷೇ ತೊಡಕು. ಅರ್ಥವಾಗದಿದ್ದರೂ ಎದ್ದು ನಿಂತು ಕೇಳಲು ಸಂಕೋಚ. ವಿಟಿಯು 2022ರ ಪಠ್ಯಕ್ರಮದಲ್ಲಿ ಅರ್ಧದಷ್ಟು ಅಂಕಗಳು ಆಂತರಿಕ ಮೌಲ್ಯಮಾಪನದವು. 50ಕ್ಕೆ ಕನಿಷ್ಠ 20 ಬಾರದಿದ್ದರೆ ಅಂತಿಮ ಪರೀಕ್ಷೆಗೆ ಅವಕಾಶವಿಲ್ಲ. ಪಿಯುಸಿಯಂತೆ ಕಡೆಯ ತಿಂಗಳು ಓದಿದರಾಯಿತೆಂಬ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಅನುತ್ತೀರ್ಣನಾದವನು ದಡ್ಡನೆಂದು ತೀರ್ಮಾನಿಸುವ ಮುನ್ನ ಪಾಲಕರು ಇದನ್ನು ಗಮನಿಸಬೇಕು. ಹಿರಿಯ ವಿದ್ಯಾರ್ಥಿಗಳ ನೆರವು, ಹಾಸ್ಟೆಲಿನ ಗುಂಪು ಓದು ಇಂಥವರನ್ನು ದಡ ಸೇರಿಸುತ್ತವೆ. ದಿನವೂ ಕುಣಿಗಲ್‌ನಿಂದ ಬಸ್ಸಿನಲ್ಲಿ ಓಡಾಡುವವರಿಗೆ ಈ ಅನುಕೂಲ ಕಡಿಮೆ. ಸಂಜೆಯ ಹೊತ್ತೆಲ್ಲ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬರುವವರ ಕಥೆ ಬೇರೆ. ಪ್ರಯೋಗಾಲಯದಲ್ಲಿ ಇವರ ಕೈ ಪಳಗಿರುತ್ತದೆ, ಗಣಿತ ಮಾತ್ರ ಕಾಡುತ್ತದೆ. ಪಿಯುಸಿಯವರಿಗೆ ಇದು ತದ್ವಿರುದ್ಧ. ಒಬ್ಬರಿಂದೊಬ್ಬರು ಕಲಿಯುವುದು ಇಲ್ಲಿಂದಲೇ.

ಪಠ್ಯದಾಚೆಗಿನ ಬೆಳವಣಿಗೆಗೂ ನಿಯಮಗಳಿವೆ. 2018ರ ಸಾಲಿನಿಂದ ಪ್ರವೇಶ ಪಡೆದವರಿಗೆ ವಿಟಿಯು 100 ಚಟುವಟಿಕೆ ಅಂಕಗಳನ್ನು ಕಡ್ಡಾಯಗೊಳಿಸಿತು. ಎರಡನೇ ವರ್ಷಕ್ಕೆ ಸೇರುವವರಿಗೆ 75. ಹಳ್ಳಿಶಾಲೆಗೆ ನೆರವು, ಜಲಸಂರಕ್ಷಣೆಯಂತಹ ಕೆಲಸಗಳು ಇದರ ಉದ್ದೇಶ. ಪ್ರಮಾಣಪತ್ರ ಸಂಗ್ರಹಿಸಿ ಕೈತೊಳೆದುಕೊಳ್ಳುವವರೂ ಉಂಟು. ಆದರೆ ಗ್ರಾಮ ಪಂಚಾಯಿತಿಯವರೆದುರು ನಿಂತು ಕೊಳವೆಬಾವಿ ಮರುಪೂರಣವನ್ನು ಕನ್ನಡದಲ್ಲಿ ವಿವರಿಸಿದ ಹುಡುಗಿಗೆ ಉದ್ಯೋಗ ಸಂದರ್ಶನದಲ್ಲಿ ಅಷ್ಟು ಅಂಜಿಕೆಯಾಗದು.

ಕಡೆಯ ವರ್ಷದಲ್ಲಿ ಇಂಟರ್ನ್‌ಶಿಪ್‌ನದೇ ಚಿಂತೆ. ಪದವಿಗೆ ಬೇಕಾದ 160 ಕ್ರೆಡಿಟ್‌ಗಳಲ್ಲಿ 10 ಇದಕ್ಕೇ ಮೀಸಲು. ಅವಧಿ 14ರಿಂದ 20 ವಾರ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಮೀಪವಿದೆ. ನಾಟಕ ಕಂಪನಿಯಿಂದ ಹೆಸರಾದ ಗುಬ್ಬಿಯ ತಾಲ್ಲೂಕಿನಲ್ಲೇ, ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ, ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಆದರೆ ಇಂತಹ ಸಾರ್ವಜನಿಕ ಉದ್ದಿಮೆಗಳಲ್ಲಿ ಎಂಜಿನಿಯರ್‌ಗಳ ಆಯ್ಕೆ ಅಖಿಲ ಭಾರತ ಮಟ್ಟದ ಸ್ಪರ್ಧೆ. ಊರು ಹತ್ತಿರವೆಂಬುದು ಅರ್ಹತೆಯಾಗದು. ಬೆಂಗಳೂರಿನ ಕಂಪನಿಗಳನ್ನು ಆಶ್ರಯಿಸುವವರು ವೇತನವಿಲ್ಲದ ಅವಧಿಯಲ್ಲಿ ಪಿ.ಜಿ. ಬಾಡಿಗೆ ಹೊಂದಿಸಬೇಕಾಗುತ್ತದೆ. ಈ ಖರ್ಚನ್ನು ಪ್ರವೇಶದ ದಿನವೇ ಲೆಕ್ಕಕ್ಕೆ ಹಿಡಿಯುವ ಕುಟುಂಬಗಳು ಕಡಿಮೆ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವನ್ನು ಮೂರನೇ ವರ್ಷದಲ್ಲೇ ಭೇಟಿಯಾಗಿ, ಸ್ಟೈಪೆಂಡ್ ನೀಡುವ ಸಂಸ್ಥೆಗಳ ಪಟ್ಟಿಯನ್ನು ಕೇಳಿ ಪಡೆಯಬಹುದು.