ಅಬ್ಲಾಳ ಕಡೆಯ ಕಥೆ

ಅರಬ್ಬರ ನಾಡಿನಲ್ಲಿ ಬಾಳುವವರಿಗೆ ಅಂತರನ ಹೆಸರು ಬಹುಕಾಲ ಅಪರಿಚಿತವಾಗಿ ಉಳಿಯುವುದಿಲ್ಲ. ಆರನೆಯ ಶತಮಾನದ ಈ ಯೋಧಕವಿ ಅಬ್ಸ್ ಕುಲದವನು. ತಾಯಿ ಝಬೀಬಾ ಇಥಿಯೋಪಿಯ ಮೂಲದ ದಾಸಿ. ದಾಸಿಯ ಮಗನೆಂದು ತಂದೆಯೇ ಒಪ್ಪಿಕೊಳ್ಳದ ಈತ ರಣದಲ್ಲಿ ಶೌರ್ಯ ತೋರಿ ಸ್ವಾತಂತ್ರ್ಯ ಗಳಿಸಿದನು. ಅವನು ಒಲಿದದ್ದು ತಂದೆಯ ಸಹೋದರ ಮಾಲಿಕನ ಮಗಳು ಅಬ್ಲಾಳಿಗೆ.

ಇಸ್ಲಾಂಪೂರ್ವ ಅರಬ್ ಕಾವ್ಯದ ಏಳು ಪ್ರಸಿದ್ಧ ‘ಮುಅಲ್ಲಕಾ’ಗಳಲ್ಲಿ ಅಂತರನದೂ ಒಂದು. ಅಬ್ಲಾಳ ಬಿಡಾರವಿದ್ದ ಜಿವಾದ ನೆಲವನ್ನು ಅವನು ಅದರಲ್ಲಿ ಮಾತನಾಡಿಸುತ್ತಾನೆ. ಅಬ್ಲಾಳ ಮರುನುಡಿ ಮಾತ್ರ ಅಲ್ಲಿಲ್ಲ.

ಮುಂದಿನ ಶತಮಾನಗಳಲ್ಲಿ ಕಥೆಗಾರರು ಬೆಳೆಸಿದ ‘ಸೀರತ್ ಅಂತರ್’ನಲ್ಲಿ ಮಾಲಿಕನು ಕನ್ಯಾಶುಲ್ಕವಾಗಿ ಹೀರಾದ ಅರಸ ನುಅಮಾನನ ಸಾವಿರ ಒಂಟೆಗಳನ್ನು ಕೇಳುತ್ತಾನೆ. ಹೋದವನು ಮರಳದಿರಲೆಂಬುದೇ ಅವನ ಆಸೆ. ಕಥೆಯು ಅಂತರನ ಬೆನ್ನುಹತ್ತಿ ಕಾಳಗ, ಸೆರೆಮನೆ, ಅರಮನೆಗಳನ್ನು ಸುತ್ತುತ್ತದೆ. ಅಬ್ಲಾಳ ಕಡೆಯಿಂದ ನೋಡಿದರೆ ಎಣಿಸಬೇಕಾದದ್ದು ಒಂಟೆಗಳನ್ನಲ್ಲ, ದಿನಗಳನ್ನು. ಬೇರೆ ವರನನ್ನು ಹುಡುಕುವ ತಂದೆಯ ಡೇರೆಯಲ್ಲಿಯೇ ಅವಳು ಅವನಿಗಾಗಿ ಕಾಯಬೇಕು.

ಅಂತ್ಯವನ್ನು ಹೀಗೂ ಹೇಳುತ್ತಾರೆ: ವಿಷದ ಬಾಣ ತಗುಲಿದ ಅಂತರನು ತನ್ನ ಕವಚವನ್ನು ಅಬ್ಲಾಳಿಗೆ ತೊಡಿಸಿ, ತನ್ನ ಕುದುರೆ ಅಬ್ಜರನ ಮೇಲೆ ಕೂರಿಸಿ, ತಾನು ಅವಳ ಡೋಲಿಯಲ್ಲಿ ಮಲಗುತ್ತಾನೆ. ಶತ್ರುಗಳು ಮೋಸವನ್ನು ಅರಿತಾಗ ಮತ್ತೆ ಕುದುರೆಯೇರಿ, ಕಣಿವೆಯ ಬಾಯಲ್ಲಿ ಈಟಿಗೆ ಒರಗಿ ನಿಂತಂತೆಯೇ ಪ್ರಾಣ ಬಿಡುತ್ತಾನೆ. ಹೆದರಿದ ಶತ್ರುಗಳು ಹತ್ತಿರ ಸುಳಿಯುವುದಿಲ್ಲ, ಅಬ್ಲಾ ಪಾರಾಗುತ್ತಾಳೆ. ಲೋಕವು ಆ ಮರಣವನ್ನು ಕೊಂಡಾಡಿತು. ಅಳತೆಗೆ ಮೀರಿದ ಕವಚದ ಭಾರವನ್ನು ಹೊತ್ತು ಮುಂದೆ ನಡೆದವಳನ್ನು ಯಾರೂ ಮಾತನಾಡಿಸಲಿಲ್ಲ.

ಈ ವಿಷಯದಲ್ಲಿ ನಮ್ಮ ಯಕ್ಷಗಾನ ಉದಾರವಾದುದು. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸುಧನ್ವನು ಯುದ್ಧಕ್ಕೆ ಹೊರಟಾಗ ಮಡದಿ ಪ್ರಭಾವತಿಯು ರಂಗದಲ್ಲಿ ಅವನನ್ನು ತಡೆದು ವಾದಿಸುತ್ತಾಳೆ. ಅವನು ಹೋಗಿಯೇ ಹೋಗುತ್ತಾನೆ. ಆದರೆ ಅವಳ ಮಾತನ್ನು ಕೇಳಿ ಹೋಗುತ್ತಾನೆ.

ಕತಾರಿನಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ನಿಗದಿತ ಸಂಬಳವಿರಬೇಕು. ಆ ಮೊತ್ತ ತಲುಪದ ಅಸಂಖ್ಯ ದುಡಿಮೆಗಾರರು ಇಲ್ಲಿ ಒಂಟಿಯಾಗಿದ್ದಾರೆ. ಅವರ ಬೆವರಿನ ಕಥೆಯನ್ನು ನಾವು ಬರೆಯುತ್ತಲೇ ಇರುತ್ತೇವೆ. ಊರಿನಲ್ಲಿ ಸಾಲದ ಕಂತು, ಅತ್ತೆಮಾವಂದಿರ ಔಷಧಿ, ಮಕ್ಕಳ ಶಾಲೆಗಳ ಕವಚ ತೊಟ್ಟವಳ ಕಥೆ ಅಪರೂಪ. ಇಲ್ಲಿಗೆ ಬರಲಿಚ್ಛಿಸುವ ತರುಣರಲ್ಲಿ ನನ್ನದೊಂದು ವಿನಂತಿ: ಸಂಬಳವೆಷ್ಟು ಎಂಬುದರ ಜೊತೆಗೆ, ಎಷ್ಟು ವರ್ಷ ಎಂಬುದನ್ನೂ ಕಾಯುವವಳೊಡನೆ ಕುಳಿತು ಮೊದಲೇ ಮಾತನಾಡಿರಿ.